ಕರೆಯದೇ ಬಂದು ಖೋಲಿ ಹಿಡಿದವಳು: ಇಂಗ್ಲಿಷ್ ಕಥೆಯನ್ನು ಟಿಳಕವಾಡಿಗೆ ತರುವುದು ಹೇಗೆ?

ಮೇಲಿನ ಖೋಲಿ, ಬೆಳಗಾವಿ

ನಮಸ್ಕಾರ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು, ಆದ್ದರಿಂದ ಮೊದಲು ಪ್ರಶ್ನೆ, ಆಮೇಲೆ ವಿವರ. ಮನೆಗೆ ಬೇಡವಾದ ಒಬ್ಬರು ಬಂದು ಉಳಿದುಬಿಟ್ಟಿದ್ದಾರೆ. ಮನೆಯವರಿಗೆಲ್ಲ ಸಾಕುಸಾಕಾಗಿದೆ. ಆದರೂ "ಇನ್ನು ಹೊರಡು" ಎಂದು ಯಾರೂ ಹೇಳುವುದಿಲ್ಲ. ಏಕೆ ಹೇಳುವುದಿಲ್ಲ? ರಂಗದ ಮೇಲೆ ನಿಲ್ಲುವಂಥ ಒಂದು ಕಾರಣ ನನಗೆ ಬೇಕಾಗಿದೆ.

ಈಗ ವಿವರ. ಟಿಳಕವಾಡಿಯ ನಮ್ಮ ಓಣಿಯ ಮಹಿಳಾ ಮಂಡಳ ಪ್ರತಿವರ್ಷ ಗಣಪತಿ ಪೆಂಡಾಲಿನಲ್ಲಿ ನಲವತ್ತು ನಿಮಿಷದ ಒಂದು ನಾಟಕ ಆಡುತ್ತದೆ. ಹೋದ ವರ್ಷ ಪೌರಾಣಿಕ ಆಡಿದೆವು. ಬೆಳಗಾವಿಯ ಮಳೆಗೆ ರಟ್ಟಿನ ಕಿರೀಟಗಳು ನೆನೆದು ಕಿವಿಯವರೆಗೆ ಇಳಿದವು, ಕೃಷ್ಣ ಹೇಳಿದ್ದು ಅರ್ಜುನನಿಗೆ ಕೇಳಿಸಲಿಲ್ಲ. ಈ ವರ್ಷ ಕಿರೀಟ ಬೇಡ, ನಗೆನಾಟಕ ಇರಲಿ ಎಂದು ತೀರ್ಮಾನವಾಯಿತು. ಬರೆಯುವ ಕೆಲಸ, ನಿವೃತ್ತಳಾದವಳಿಗೆ ಬೇರೇನು ಕೆಲಸ ಎಂಬ ಕಾರಣಕ್ಕೆ, ನನ್ನ ಕೊರಳಿಗೆ ಬಿತ್ತು.

ಅದೇ ವಾರ ಮಗಳು ಕಂಪ್ಯೂಟರಿನಲ್ಲಿ ಒಂದು ಹಳೆಯ ಬ್ರಿಟಿಷ್ ಸಿನಿಮಾ ಹಾಕಿ ತೋರಿಸಿದಳು. 1948ರ ಕಪ್ಪು ಬಿಳುಪು ಚಿತ್ರ, ಹೆಸರು "ಹಿಯರ್ ಕಮ್ ದ ಹಗೆಟ್ಸ್", ನಿರ್ದೇಶಕ ಕೆನ್ ಅನಾಕಿನ್. ಲಂಡನ್ನಿನ ಒಂದು ಸಾಧಾರಣ ಮನೆತನ. ತಂದೆ ಜೋ ಕಾರ್ಖಾನೆಯಲ್ಲಿದ್ದಾನೆ, ತಾಯಿ ಎಥೆಲ್ ಅಡುಗೆಮನೆಯಲ್ಲಿ. ಮದುವೆಯ ವಯಸ್ಸಿನ ಹೆಣ್ಣುಮಕ್ಕಳಿಬ್ಬರು, ಅವರ ಹಿಂದೆ ಚಿಕ್ಕವಳೊಬ್ಬಳು, ಮೇಲೊಬ್ಬ ಮುದುಕಿ. ಮನೆಗೆ ಮೊದಲ ಸಲ ಟೆಲಿಫೋನು ಬಂದಿದೆ. ಆ ಸಂಭ್ರಮದ ನಡುವೆ ನೆಂಟರ ಹುಡುಗಿ ಡಯಾನಾ ಉಳಿದುಕೊಳ್ಳಲು ಬರುತ್ತಾಳೆ. ಕನ್ನಡಿಯ ಮುಂದೆ ಕುಳಿತರೆ ಏಳುವವಳಲ್ಲ, ಕಸಬರಿಗೆ ಮುಟ್ಟುವವಳಲ್ಲ. ಜೋ ತನ್ನ ಕಾರ್ಖಾನೆಯಲ್ಲೇ ಒಂದು ಕೆಲಸ ಕೊಡಿಸುತ್ತಾನೆ, ಅಲ್ಲಿಯೂ ಗದ್ದಲ ಎಬ್ಬಿಸುತ್ತಾಳೆ. ನಡುವೆ ರಾಜಕುಮಾರಿ ಎಲಿಜಬೆತ್ ಅವರ ಮದುವೆ, ಅಂದರೆ 1947ರ ನವೆಂಬರ್ 20. ಮೆರವಣಿಗೆಗೆ ಜಾಗ ಹಿಡಿಯಲೆಂದು ಮನೆಮಂದಿ ರಾತ್ರಿಯೇ ಹೋಗಿ ಬೀದಿಬದಿಯಲ್ಲಿ ಮಲಗುತ್ತಾರೆ. ನಮ್ಮ ಊರಿನ ಗಣಪತಿ ವಿಸರ್ಜನೆಗೆ ಅಂಗಡಿ ಕಟ್ಟೆ ಹಿಡಿದು ಕೂರುವವರನ್ನು ನೋಡಿದ ನನಗೆ ಅದೇನೂ ಹೊಸದೆನಿಸಲಿಲ್ಲ.

ನಮ್ಮ ಅತ್ತೆಗೆ ಎಂಬತ್ತಮೂರು ವರ್ಷ, ಇಂಗ್ಲಿಷ್ ಬಾರದು. ಪಕ್ಕದಲ್ಲಿ ಜಪಸರ ಹಿಡಿದು ಕುಳಿತಿದ್ದವರು ತಾಯಿಯ ಪಾತ್ರದ ಕ್ಯಾತ್ಲೀನ್ ಹ್ಯಾರಿಸನ್ ಮುಖ ನೋಡಿ, "ಈಕೆಯ ಮನೆಗೆ ಯಾರೋ ಬಂದು ಕುಳಿತಿದ್ದಾರೆ" ಎಂದರು. ಡಯಾನಾ ಪಾತ್ರದ ಹುಡುಗಿಯನ್ನು ನೋಡಿ, "ಪಾಪ, ಇನ್ನೂ ಕೂಸು" ಎಂದರು. ನನಗೆ ಪಾಪ ಅನಿಸಲಿಲ್ಲ.

ಮೂರು ದೃಶ್ಯ ಬರೆದು ಮಂಡಳದಲ್ಲಿ ಓದಿದೆ. ಎಲ್ಲರೂ ನಕ್ಕರು. ನಗು ನಿಂತ ಮೇಲೆ ನಮ್ಮ ಖಜಾಂಚಿ ಬಾಯಿ ಕೇಳಿದರು: "ಅವಳಪ್ಪನಿಗೆ ಒಂದು ಫೋನ್ ಮಾಡಿ ಕರೆದುಕೊಂಡು ಹೋಗಿ ಎಂದರೆ ಮುಗಿಯಿತಲ್ಲ?" ನಾಟಕ ಅಲ್ಲೇ ಕುಸಿಯಿತು.

ನನಗೆ ಉತ್ತರ ಗೊತ್ತಿರಬೇಕಿತ್ತು, ಏಕೆಂದರೆ ಇದನ್ನು ನಾನೇ ಅನುಭವಿಸಿದ್ದೇನೆ. ಆರು ವರ್ಷದ ಹಿಂದೆ ನಮ್ಮ ಅತ್ತೆಯ ತಂಗಿಯ ಮೊಮ್ಮಗ ಯಾವುದೋ ನೌಕರಿ ಪರೀಕ್ಷೆ ಬರೆಯಲು ಬೆಳಗಾವಿಗೆ ಬಂದ. "ಕಾಕು, ನಾಲ್ಕೇ ದಿನ" ಎಂದ. ಆಷಾಢದ ಮಳೆಯಲ್ಲಿ ಆಟೋದಿಂದ ಮೊದಲು ಇಳಿದದ್ದು ಹಾಸಿಗೆಯ ಸುರುಳಿ. ನಾಲ್ಕು ದಿನಕ್ಕೆ ಬರುವವರು ಹಾಸಿಗೆ ತರುವುದಿಲ್ಲ ಎಂದು ಅಲ್ಲೇ ನನಗೆ ಹೊಳೆಯಬೇಕಿತ್ತು. ಮೇಲಿನ ಖೋಲಿ ಹಿಡಿದವನು ಹನ್ನೊಂದು ತಿಂಗಳು ಇದ್ದ. ನಮ್ಮ ಓಣಿಗೆ ಆಗ ವಾರಕ್ಕೊಮ್ಮೆ ನಳ ಬರುತ್ತಿತ್ತು. ತುಂಬಿಟ್ಟ ನೀರಿನಲ್ಲಿ ಇವನು ದಿನಾ ಮೂರು ಬಕೆಟ್ ಸುರಿದುಕೊಂಡು ಬಚ್ಚಲಿನಲ್ಲಿ ಹಾಡುತ್ತಿದ್ದ. ದಿನಕ್ಕೆ ಐದು ರೊಟ್ಟಿಯಂತೆ 330 ದಿನಕ್ಕೆ 1,650 ರೊಟ್ಟಿ ಬಡಿದಿದ್ದೇನೆ. ಶೇಂಗಾ ಚಟ್ನಿಯ ಲೆಕ್ಕ ಇಟ್ಟಿಲ್ಲ.

ನಾವೂ "ಹೊರಡು" ಎನ್ನಲಿಲ್ಲ. ಏಕೆ ಎಂದು ನಮ್ಮ ಮನೆಯವರನ್ನು ಕೇಳಿದರೆ ಪೇಪರಿನಿಂದ ತಲೆ ಎತ್ತದೆ "ಹೇಗೆ ಅನ್ನುವುದು?" ಎನ್ನುತ್ತಾರೆ. ಇದು ಉತ್ತರವಲ್ಲ, ನನ್ನ ಪ್ರಶ್ನೆಯನ್ನೇ ನನಗೆ ಮರಳಿಸುವುದು. ತಿಳಿದವರು ಹೇಳಿ.

ಗುಮ್ಮಟದ ಊರು, ವಿಜಯಪುರ

ಮೇಡಂ, ನಾನು ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದವನು. ಬಾಡಿಗೆಯ ಜಗಳಗಳನ್ನು ತೂಕದ ಲೆಕ್ಕದಲ್ಲಿ ನೋಡಿದ್ದೇನೆ. ಹಳೆಯ ಬ್ರಿಟಿಷ್ ಸಿನಿಮಾಗಳ ಚಟವೂ ಇದೆ, ಮನೆಯಲ್ಲಿ ಯಾರಿಗೂ ಹಿಡಿಸುವುದಿಲ್ಲ. ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಮೊದಲು ಆ ಕಾಲ. ಯುದ್ಧ 1945ಕ್ಕೆ ಮುಗಿದರೂ ಅಲ್ಲಿ ಪಡಿತರ ಮುಗಿದಿರಲಿಲ್ಲ. 1940ರ ಜನವರಿಯಲ್ಲಿ ಬೆಣ್ಣೆ, ಸಕ್ಕರೆ, ಹಂದಿಮಾಂಸದಿಂದ ಶುರುವಾದದ್ದು ಪೂರ್ತಿ ನಿಂತದ್ದು 1954ರ ಜುಲೈನಲ್ಲಿ, ಮಾಂಸದ ಮೇಲಿನ ನಿರ್ಬಂಧ ತೆಗೆದಾಗ. ಯುದ್ಧದ ನಡುವೆ ಕೂಡ ಇಲ್ಲದಿದ್ದ ಬ್ರೆಡ್ಡಿನ ಪಡಿತರ ಯುದ್ಧ ಮುಗಿದ ಮೇಲೆ, 1946ರ ಜುಲೈನಿಂದ 1948ರ ಜುಲೈವರೆಗೆ ಇತ್ತು. ಅಂದರೆ ನಿಮ್ಮ ಡಯಾನಾ ಪೆಟ್ಟಿಗೆ ಹಿಡಿದು ಬಂದ ದಿನಗಳಲ್ಲಿ ಆ ಮನೆಯ ಬ್ರೆಡ್ಡು ಕೂಡ ಎಣಿಕೆಯದು. ಚಹಾಪುಡಿ ತಲೆಗೆ ವಾರಕ್ಕೆ ಸುಮಾರು ಎರಡು ಔನ್ಸ್, ನಮ್ಮ ಲೆಕ್ಕದಲ್ಲಿ 57 ಗ್ರಾಂ ಆಸುಪಾಸು. ನಮ್ಮ ಮನೆಯಲ್ಲಿ ಇದು ಎರಡು ದಿನಕ್ಕೆ ಸಾಲದು. ಆ ರಾಜಕುಮಾರಿಯ ಮದುವೆಯ ಉಡುಪಿನ ಬಟ್ಟೆಗೂ ಕೂಪನ್ ಬೇಕಾಗಿತ್ತು.

ಮೇಲಾಗಿ ಬಾಂಬಿನಿಂದ ಮನೆಗಳು ಬಿದ್ದಿದ್ದವು, ಸೈನ್ಯದಿಂದ ಗಂಡಸರು ಮರಳಿ ಬಂದಿದ್ದರು, ಹೊಸ ಮದುವೆಗಳಾಗಿದ್ದವು. ಇರಲು ಜಾಗವಿಲ್ಲ. 1946ರಲ್ಲಿ ಜನ ಸೈನ್ಯ ಬಿಟ್ಟುಹೋದ ಶಿಬಿರಗಳಿಗೆ ನುಗ್ಗಿ ಸಂಸಾರ ಹೂಡಿದರು. ಹೀಗಾಗಿ ಮನೆಯ ಒಂದು ಖೋಲಿ ಖಾಲಿಯಿದ್ದರೆ ಯಾರೋ ಒಬ್ಬರನ್ನು ಇರಿಸಿಕೊಳ್ಳುವುದು ಮಾಮೂಲಾಗಿತ್ತು. ಅಲ್ಲಿ ಲಾಡ್ಜರ್ ಎಂದರೆ ನಮ್ಮ ವಸತಿಗೃಹದ ಗಿರಾಕಿಯಲ್ಲ, ಒಂದು ಸಂಸಾರದ ಒಳಗೆ ಇದ್ದು, ಅವರ ಮೇಜಿನಲ್ಲಿ ಉಂಡು, ವಾರಕ್ಕಿಷ್ಟು ಎಂದು ಕೊಡುವವನು. ಅವನು ತನ್ನ ಪಡಿತರ ಪುಸ್ತಕವನ್ನು ಮನೆಯೊಡತಿಯ ಕೈಗೆ ಕೊಡಬೇಕು. ಆ ಪುಸ್ತಕ ಬಂದರೆ ಅವನ ಪಾಲಿನ ಬೆಣ್ಣೆ ಸಕ್ಕರೆ ಈ ಅಡುಗೆಮನೆಗೆ ಬರುತ್ತದೆ. ಬೇಡವಾದವನನ್ನು ಓಡಿಸಿದರೆ ಅವನ ಜೊತೆಗೆ ಅವನ ಪಾಲಿನ ಸಕ್ಕರೆಯೂ ಹೋಗುತ್ತದೆ! ಬಚ್ಚಲಿನ ವಿಷಯಕ್ಕೆ ಬಂದರೆ, ಯುದ್ಧದ ದಿನಗಳಲ್ಲಿ ಸ್ನಾನದ ತೊಟ್ಟಿಗೆ ಐದು ಇಂಚಿಗಿಂತ ಹೆಚ್ಚು ಬಿಸಿನೀರು ತುಂಬಬೇಡಿ ಎಂದು ಸರಕಾರ ಕೇಳಿಕೊಂಡಿತ್ತು, ಅರಮನೆಯ ತೊಟ್ಟಿಗಳಿಗೂ ಗೆರೆ ಎಳೆಸಿದ್ದರು. ನಿಮ್ಮ ಮೂರು ಬಕೆಟ್ಟಿನ ಹುಡುಗ ಅಲ್ಲಿಗೆ ಹೋಗಿದ್ದರೆ ತಿಳಿಯುತ್ತಿತ್ತು.

ಇನ್ನು ಕಾನೂನು. ಬಾಡಿಗೆದಾರ ಬೇರೆ, ಲಾಡ್ಜರ್ ಬೇರೆ. ಖೋಲಿಯ ಕೀಲಿ ಯಾರ ಕೈಯಲ್ಲಿದೆ, ಮನೆಯೊಡತಿ ಯಾವಾಗ ಬೇಕಾದರೂ ಒಳಗೆ ಹೋಗಿ ಕಸ ಗುಡಿಸಬಹುದೇ ಎನ್ನುವುದರ ಮೇಲೆ ಅಲ್ಲಿ ಈ ಭೇದ ನಿಂತಿದೆ. ಬಾಡಿಗೆದಾರನಿಗೆ ಕಾಯ್ದೆಯ ರಕ್ಷಣೆ ಬಲವಾಗಿತ್ತು, ಲಾಡ್ಜರನಿಗೆ ಅಷ್ಟಿರಲಿಲ್ಲ. ನಮ್ಮ ಕಡೆಯೂ ನೋಡಿ, 1956ರ ನವೆಂಬರ್ 1ರವರೆಗೆ ನಾವೆಲ್ಲ ಮುಂಬಯಿ ರಾಜ್ಯದವರು. ಆ ಸರಕಾರ 1947ರಲ್ಲಿ ಬಾಡಿಗೆ ನಿಯಂತ್ರಣ ಕಾಯ್ದೆ ತಂದಿತು. ಆ ಬಗೆಯ ಕಾಯ್ದೆಯ ನೆರಳಿನಲ್ಲಿ ಮೂರು ತಲೆಮಾರು ಅದೇ ಮನೆಯಲ್ಲಿ ಕುಳಿತವರಿದ್ದಾರೆ, ಅವರ ಕಡತಗಳ ಧೂಳಿಗೆ ನನಗೆ ಈಗಲೂ ಸೀನು ಬರುತ್ತದೆ. ಆದರೆ ನಿಮ್ಮ ಡಯಾನಾಳಿಗಾಗಲಿ ನಿಮ್ಮ ಅತ್ತೆಯ ತಂಗಿಯ ಮೊಮ್ಮಗನಿಗಾಗಲಿ ಯಾವ ಕಾಯ್ದೆಯ ಬಲವೂ ಇಲ್ಲ. ಆದ್ದರಿಂದ ಕಾರಣವನ್ನು ಕಾನೂನಿನಲ್ಲಿ ಹುಡುಕಬೇಡಿ. ಸಿಗುವುದಿಲ್ಲ ಎಂದು ಹೇಳಲಿಕ್ಕೇ ಇಷ್ಟು ಬರೆದೆ.

ಖಾನಾವಳಿ ಖಾತೆ, ಬೆಳಗಾವಿ

ಅಕ್ಕನವರೇ, ಬೇಡದ ನೆಂಟನನ್ನು ಹುಡುಕಿಕೊಂಡು ಲಂಡನ್ನಿಗೆ ಹೋಗಬೇಕಿತ್ತೇ? ನಮ್ಮ ಪ್ರತಿ ಮನೆಯ ಅಟ್ಟದ ಮೇಲೂ ಒಬ್ಬನ ಟ್ರಂಕು ಇದೆ.

ಹನ್ನೆರಡು ವರ್ಷದಿಂದ ಖಾನಾವಳಿ ನಡೆಸುತ್ತಿದ್ದೇನೆ. ನಮ್ಮಲ್ಲಿ ಒಂದು ರೊಟ್ಟಿಗೆ 12 ರೂಪಾಯಿ ಹಿಡಿದರೆ ನಿಮ್ಮ 1,650 ರೊಟ್ಟಿಗೆ 19,800 ರೂಪಾಯಿ ಆಯಿತು. ಝುಣಕ, ಎಣ್ಣೆಗಾಯಿ, ಮೊಸರು ಸೇರಿಸಿಲ್ಲ. ತಿಂಗಳ ಖಾತೆಯವನು ಬಾಕಿ ಉಳಿಸಿದರೆ ನಾನು ಒಂದು ವಾರ ನೋಡುತ್ತೇನೆ, ಎಂಟನೆಯ ದಿನ ಡಬ್ಬಿ ನಿಲ್ಲಿಸುತ್ತೇನೆ. ಮಾತೇ ಬೇಡ. ಹಸಿವು ಮಾತನಾಡುತ್ತದೆ, ಅವನಾಗಿ ಬರುತ್ತಾನೆ ಅಥವಾ ಅವನಾಗಿ ಹೋಗುತ್ತಾನೆ. ನೀವು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಆದ್ದರಿಂದ ಅವನು ಹೋಗಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡಿರಿ. ಇದರಲ್ಲಿ ನಾಟಕ ಎಲ್ಲಿಂದ ಬಂತು?

ಮೇಲಿನ ಖೋಲಿ, ಬೆಳಗಾವಿ

ಶಿರಸ್ತೇದಾರ ಸರ್, ಪಡಿತರ ಪುಸ್ತಕದ ಸಂಗತಿ ಬಂಗಾರದಂಥದು. ಧನ್ಯವಾದಗಳು. ಆದರೆ ನಮ್ಮ ಹುಡುಗ ತರಲಿಕ್ಕೆ ಪುಸ್ತಕವಿರಲಿಲ್ಲ, ತಂದದ್ದು ಒಮ್ಮೆ ಅರ್ಧ ಕಿಲೋ ಕುಂದಾ. ಅದನ್ನೂ ಅವನೇ ತಿಂದ.

ಖಾನಾವಳಿಯವರೇ, ಅತ್ತೆಯ ಕಣ್ಣೆದುರಿಗೆ ಅವರ ತಂಗಿಯ ಮೊಮ್ಮಗನ ತಾಟಿಗೆ ರೊಟ್ಟಿ ಹಾಕದೆ ಇರುವ ಸೊಸೆ ಬೆಳಗಾವಿಯಲ್ಲಿ ಇದ್ದರೆ ವಿಳಾಸ ಕಳಿಸಿ, ಹೋಗಿ ಕಾಲಿಗೆ ಬೀಳುತ್ತೇನೆ. ನಿಮ್ಮ ಲೆಕ್ಕ ಮಾತ್ರ ಸರಿಯಾಗಿದೆ, ನಾನು ಇನ್ನೊಮ್ಮೆ ಗುಣಿಸಿ ನೋಡಿದೆ.

ವಿದ್ಯಾಗಿರಿ, ಬಾಗಲಕೋಟೆ

ಅಕ್ಕಾ, ನಾನು ನಿಮಗಿಂತ ಬಹಳ ಚಿಕ್ಕವಳು. ನಾಟಕ ಗೊತ್ತಿಲ್ಲ, ಸಿನಿಮಾ ನೋಡಿಲ್ಲ. ಆದರೆ ನೀವು ಕೇಳಿದ ಪ್ರಶ್ನೆಗೆ ನಮ್ಮ ಮನೆಯಲ್ಲಿ ಒಂದು ಉತ್ತರ ಬಿದ್ದುಕೊಂಡಿದೆ.

ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಗೆ ಏರಿದಾಗ ನಾನು ಮೂರನೆಯ ಇಯತ್ತೆ. ನಮ್ಮ ಮನೆ ವಿದ್ಯಾಗಿರಿಯಲ್ಲಿ, ಎತ್ತರದ ಮೇಲೆ. ಸೋದರಮಾವನ ಮನೆ ಹಳೆಯ ಪೇಟೆಯಲ್ಲಿ, ಘಟಪ್ರಭೆಯ ಕಡೆ ಇಳಿಜಾರಿನಲ್ಲಿ. ಅವರದು ಮುಳುಗಡೆಗೆ ಹೋಯಿತು. ನವನಗರದಲ್ಲಿ ಪ್ಲಾಟು ಸಿಕ್ಕಿತ್ತು, ಪರಿಹಾರವೂ ಸ್ವಲ್ಪ ಬಂದಿತ್ತು. ಮನೆ ಕಟ್ಟುವವರೆಗೆ ಎಂದು ಐದು ಜನ ನಮ್ಮಲ್ಲಿಗೆ ಬಂದರು. ಮಾವ "ಸ್ಲ್ಯಾಬು ಬೀಳುವ ತನಕ" ಎನ್ನುತ್ತಿದ್ದರು. ಎರಡು ವರ್ಷ ಎಂಟು ತಿಂಗಳು ಸ್ಲ್ಯಾಬು ಬೀಳಲಿಲ್ಲ. ಒಮ್ಮೆ ಉಸುಕು ಸಿಗಲಿಲ್ಲ, ಒಮ್ಮೆ ಅಮಾವಾಸ್ಯೆ ಅಡ್ಡ ಬಂತು, ಒಮ್ಮೆ ಗೌಂಡಿ ಗೋವೆಗೆ ಹೋದ.

ಮಾವ ತಮ್ಮ ಹಳೆಯ ಮನೆಯ ತಲಬಾಗಿಲಿನ ಸಾಗವಾನಿ ಚೌಕಟ್ಟನ್ನು ಬಿಚ್ಚಿಸಿ, ಬಂಡಿಯಲ್ಲಿ ಹೇರಿ ತಂದಿದ್ದರು. ಅದು ನಮ್ಮ ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಮೇಲೆ ಕೆತ್ತಿದ ಗಣಪ, ಕೆಳಗೆ ಹಿತ್ತಾಳೆಯ ಮೊಳೆ ಬಡಿದ ಹೊಸ್ತಿಲು. ರಾತ್ರಿ ನೀರು ಕುಡಿಯಲು ಎದ್ದವರೆಲ್ಲ ಅದಕ್ಕೆ ಕಾಲಿನ ಕಿರುಬೆರಳು ಬಡಿದುಕೊಂಡಿದ್ದೇವೆ. ಅಪ್ಪ ಬೈಯಲು ಬಾಯಿ ತೆರೆಯುತ್ತಿದ್ದರು, ಅಮ್ಮ ನೋಡುತ್ತಿದ್ದಳು, ಅಪ್ಪ ಬಾಯಿ ಮುಚ್ಚುತ್ತಿದ್ದರು. ಅತ್ತೆ, ಅಂದರೆ ಮಾವನ ಹೆಂಡತಿ, ದಿನಾ ಬೆಳಿಗ್ಗೆ ಆ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ ಎರಡೆಳೆ ರಂಗೋಲಿ ಹಾಕುತ್ತಿದ್ದರು. ಬಾಗಿಲಿಲ್ಲ, ಗೋಡೆಯಿಲ್ಲ, ಪಡಸಾಲೆಯ ನಡುವೆ ಬರೀ ಹೊಸ್ತಿಲು.

"ಹೊರಡಿ" ಎಂದು ನಮ್ಮ ಅಪ್ಪ ಏಕೆ ಅನ್ನಲಿಲ್ಲ? ನಮ್ಮ ಮನೆ ಉಳಿದಿತ್ತು, ಅವರದು ನೀರಿನೊಳಗಿತ್ತು. ಅಷ್ಟೇ. ಲಂಡನ್ನಿನಲ್ಲಿ ಬಾಂಬು ಬಿದ್ದ ಮೇಲೆ ಉಳಿದ ಮನೆಯವರಿಗೂ ಹೀಗೇ ಬಾಯಿ ಕಟ್ಟಿರಬೇಕು ಎಂದು ಶಿರಸ್ತೇದಾರ ಕಾಕಾ ಬರೆದದ್ದನ್ನು ಓದಿ ಅನಿಸಿತು.

ಇಷ್ಟು ಬರೆದೆನಲ್ಲ, ನಗುವ ಸಂಗತಿಯೂ ಇದೆ. ಕೊನೆಗೂ ಅವರ ಮನೆ ಆಯಿತು. ವಾಸ್ತುಶಾಂತಿಗೆ ಹೋದರೆ ಬಾಗಿಲಿಗೆ ಹೊಸ ಕಬ್ಬಿಣದ ಚೌಕಟ್ಟು. ಸಾಗವಾನಿಯದು ಅಳತೆಗೆ ಹೊಂದಲಿಲ್ಲವಂತೆ. ಅದು ನಮ್ಮಲ್ಲೇ ಉಳಿಯಿತು.

ಪರದೆ ಎಳೆಯುವವ, ಶಹಾಪುರ

ನಾಟಕದ ಕಂಪನಿಗಳಲ್ಲಿ ಪರದೆ ಎಳೆದು, ಆಮೇಲೆ ಹವ್ಯಾಸಿಗಳಿಗೆ ನಾಟಕ ಕಲಿಸಿ ತಲೆ ಹಣ್ಣಾದವನು ನಾನು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಅಕ್ಕಪಕ್ಕದಲ್ಲೇ ಥಿಯೇಟರು ಹಾಕುತ್ತವೆ. ನಮ್ಮಲ್ಲಿ ಜನ ನಗಲಿಲ್ಲವೆಂದರೆ ಪಕ್ಕದ ಟೆಂಟಿನ ನಗು ನಮಗೆ ಕೇಳಿಸುತ್ತದೆ. ಅದಕ್ಕಿಂತ ದೊಡ್ಡ ಶಾಲೆ ಇಲ್ಲ.

ಬಾಗಲಕೋಟೆಯ ತಂಗಿ ಬರೆದ ಚೌಕಟ್ಟನ್ನು ಓದಿ ಎದ್ದು ಕುಳಿತೆ. ಮೇಡಂ, ನಿಮ್ಮ ನಾಟಕದಲ್ಲಿ ಮಾತು ಬಹಳ ಇದೆ ಎಂದು ನನ್ನ ಊಹೆ. ಗಣಿತದವರು ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಎಲ್ಲರೂ ಎಡವುವಂಥ ಒಂದು ವಸ್ತುವನ್ನು ರಂಗದ ನಡುವೆ ಇಡಿ. ಹಾಸಿಗೆಯ ಸುರುಳಿ ಇದ್ದರೂ ಆದೀತು, ಚೌಕಟ್ಟಾದರೆ ಇನ್ನೂ ಚೆನ್ನ. ಅರ್ಧ ಮಾತು ಉಳಿಯುತ್ತದೆ. ಟೆಲಿಫೋನು ಈಗ ನಡೆಯುವುದಿಲ್ಲ, ಪೆಂಡಾಲಿನಲ್ಲಿ ಕುಳಿತ ಕೂಸಿನ ಕೈಯಲ್ಲೂ ಮೊಬೈಲ್ ಇರುತ್ತದೆ. ಅದರ ಬದಲಿಗೆ ನಳ ಬರುವ ದಿನ ಇಡಿ. ಇಡೀ ಓಣಿಗೆ ಆ ಗಡಿಬಿಡಿ ಮೈಯಲ್ಲೇ ಇದೆ. ನಿಮ್ಮ ಓಣಿಯಲ್ಲಿ ಮರಾಠಿ ಮನೆಗಳೂ ಇರಬೇಕು, ಬಕೆಟ್ಟು ಉರುಳಿದ ಸದ್ದಿಗೆ ಅನುವಾದ ಬೇಡ.

ಹೊರಗಿನ ಕಥೆ ತರುವುದು ತಪ್ಪೇನಲ್ಲ ಎಂದು ಖಾನಾವಳಿಯವರಿಗೂ ಹೇಳಬೇಕು. ಮರಾಠಿಯ ಹಾಸ್ಯ ಲೇಖಕ ಪು.ಲ. ದೇಶಪಾಂಡೆಯವರು ಕೆಲಕಾಲ ನಮ್ಮ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲೇ ಪಾಠ ಹೇಳಿದವರು. ಇಂಗ್ಲಿಷ್ ನಾಟಕವನ್ನು ಅವರು ಮರಾಠಿಗೆ ತಂದರೆ ಅದಕ್ಕೆ ಹೊರಗಿನ ವಾಸನೆ ಇರುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಇದೇ ಜಾತಿಯ ಇನ್ನೊಂದು ಬ್ರಿಟಿಷ್ ಚಿತ್ರ ಇದೆ, 1955ರದು, "ದ ಲೇಡಿಕಿಲ್ಲರ್ಸ್". ಅಲೆಕ್ಸಾಂಡರ್ ಮೆಕೆಂಡ್ರಿಕ್ ಮಾಡಿದ್ದು. ಲಂಡನ್ನಿನ ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣದ ಹತ್ತಿರ ಓರೆಯಾದ ಒಂದು ಮನೆ, ಅದರಲ್ಲಿ ಗಿಳಿಗಳ ಜೊತೆ ಒಬ್ಬ ವಿಧವೆ ಮುದುಕಿ. ಖೋಲಿ ಬಾಡಿಗೆಗೆ ಬೇಕೆಂದು ನಟ ಅಲೆಕ್ ಗಿನ್ನೆಸ್ ಬರುತ್ತಾನೆ, ಹಿಂದಿನಿಂದ ಇನ್ನೂ ನಾಲ್ವರು. ವಾದ್ಯ ಅಭ್ಯಾಸ ಮಾಡುತ್ತೇವೆ ಎನ್ನುತ್ತಾರೆ, ಗ್ರಾಮೋಫೋನು ಹಚ್ಚಿಟ್ಟು ದರೋಡೆಯ ಸಂಚು ಮಾಡುತ್ತಾರೆ. ಅಜ್ಜಿ ಮಾತ್ರ ಮತ್ತೆ ಮತ್ತೆ ಬಾಗಿಲು ಬಡಿದು ಚಹಾ ಬೇಕೇ ಎಂದು ಕೇಳುತ್ತಾಳೆ. ಅವಳಿಗೆ ಮನೆಯಲ್ಲಿ ಜನ ಇರುವುದೇ ಹಿಗ್ಗು. ಮುದುಕಿಯ ಪಾತ್ರ ಮಾಡಿದ ಕೇಟಿ ಜಾನ್ಸನ್‌ಗೆ ಆ ವಯಸ್ಸಿನಲ್ಲಿ ಬ್ರಿಟಿಷ್ ಫಿಲ್ಮ್ ಅಕಾಡೆಮಿಯ ಪ್ರಶಸ್ತಿ ಬಂತು.

ಮನೆಗೆ ಬಂದವನು ಎಲ್ಲರಿಗೂ ಬೇಡವಾಗಿದ್ದರೆ ಎರಡನೆಯ ದಿನವೇ ಹೋಗುತ್ತಾನೆ. ಹೋಗಲಿಲ್ಲ ಎಂದರೆ ಮನೆಯೊಳಗೆ ಒಬ್ಬರಿಗೆ ಬೇಕಾಗಿದ್ದಾನೆ. ನಾಟಕ ಇರುವುದು ಅಲ್ಲಿ. ಡಯಾನಾ ಪಾತ್ರದ ಡಯಾನಾ ಡಾರ್ಸ್‌ಗೆ ಆಗ ಹದಿನಾರು ಹದಿನೇಳು ವಯಸ್ಸು. ಮನೆಯವರು ಸಿಡುಕಿದರೂ ಪ್ರೇಕ್ಷಕರಿಗೆ ಅವಳು ಬೇಕಾಗುತ್ತಾಳೆ, ಆ ಚಿತ್ರ ನಡೆಯುವುದು ಅದರಿಂದ. ನಿಮ್ಮ ಹುಡುಗ ಯಾರಿಗೆ ಬೇಕಾಗಿದ್ದ? ಅದನ್ನು ನೀವು ಇನ್ನೂ ಬರೆದಿಲ್ಲ. ರೊಟ್ಟಿ ಎಣಿಸಿದ್ದೀರಿ, ಬಕೆಟ್ಟು ಎಣಿಸಿದ್ದೀರಿ.

ಮೇಲಿನ ಖೋಲಿ, ಬೆಳಗಾವಿ

ಎರಡು ದಿನ ಉತ್ತರ ಬರೆಯಲಿಲ್ಲ, ಕ್ಷಮಿಸಿ. ಸಿಟ್ಟು ಬಂದಿತ್ತು. ಸಿಟ್ಟು ಬಂದದ್ದು ಪರದೆಯವರು ಸರಿಯಾದ ಜಾಗಕ್ಕೆ ಕೈ ಇಟ್ಟರೆಂದು.

ಅತ್ತೆಗೆ ಬೇಕಾಗಿದ್ದ.

ಅವನು ಬಂದ ತಿಂಗಳೇ ಅವರಿಗೆ ಮೋತಿಬಿಂದುವಿನ ಶಸ್ತ್ರಕ್ರಿಯೆ ಆಗಿತ್ತು. ಒಂದು ಕಣ್ಣು ಸರಿಹೋಯಿತು, ಇನ್ನೊಂದು ಅಷ್ಟಕ್ಕಷ್ಟೇ. ಪೇಪರ್ ಓದಲು ಆಗುತ್ತಿರಲಿಲ್ಲ. ನಾನು ಬೆಳಿಗ್ಗೆ ಶಾಲೆಗೆ ಓಡುವವಳು, ನಮ್ಮ ಮನೆಯವರು ಮನಸ್ಸಿನೊಳಗೇ ಓದುವವರು. ಈ ಹುಡುಗ ಮೂರು ಬಕೆಟ್ ಸುರಿದುಕೊಂಡು ಬಂದು ಜೋಕಾಲಿಯ ಮೇಲೆ ಅವರ ಪಕ್ಕ ಕುಳಿತು ದಿನಾ ಒಂದು ತಾಸು ಪೇಪರ್ ಓದುತ್ತಿದ್ದ. "ಆಯಿ, ಇವತ್ತು ಏನು ಮೊದಲು?" ಎಂದು ಕೇಳುತ್ತಿದ್ದ. ಅವರು "ಹೋದವರು ಯಾರು ನೋಡು" ಎನ್ನುತ್ತಿದ್ದರು. ಮೊದಲು ನಿಧನವಾರ್ತೆ, ಆಮೇಲೆ ಪಂಚಾಂಗ, ಆಮೇಲೆ ಬೆಲ್ಲದ ಧಾರಣೆ. ಬೆಲ್ಲ ನಾವು ಮಾರುವುದೂ ಇಲ್ಲ, ಹೆಚ್ಚು ಕೊಳ್ಳುವುದೂ ಇಲ್ಲ. ತವರಿನಲ್ಲಿ ಅವರದು ಗಾಣದ ಮನೆಯಾಗಿತ್ತು.

ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ದಿನಾ ಕಣ್ಣಿಗೆ ಬೀಳುತ್ತಿತ್ತು. ಬಕೆಟ್ಟಿನಷ್ಟು ಎಣಿಕೆಗೆ ಸಿಗಲಿಲ್ಲ ಅಷ್ಟೇ. ಹನ್ನೊಂದನೆಯ ತಿಂಗಳಿಗೆ ಅವನಿಗೆ ನೌಕರಿ ಆಗಿ ತಾನಾಗಿಯೇ ಹೋದ. ಅಂದು ನಾನು 'ಮುಗಿಯಿತು' ಎಂದು ಮೇಲಿನ ಖೋಲಿ ತೊಳೆಸಿದೆ. ಅತ್ತೆ ರಾತ್ರಿ ಊಟ ಬೇಡವೆಂದರು, ಹೊಟ್ಟೆ ಸರಿಯಿಲ್ಲ ಎಂದರು. ನಿವೃತ್ತಳಾದ ಮೇಲೆ ಪೇಪರ್ ನಾನು ಓದುತ್ತೇನೆ. ಮಗ್ಗಿ ಹೇಳಿದ ಹಾಗೆ ಓದುತ್ತಿ ಎನ್ನುತ್ತಾರೆ.

ನಿನ್ನೆ ಹೊಸ ದೃಶ್ಯ ಬರೆದು ಅವರಿಗೆ ಓದಿ ಹೇಳಿದೆ. ಬೇಡದ ಹುಡುಗ ಮುದುಕಿಗೆ ನಿಧನವಾರ್ತೆ ಓದುವ ದೃಶ್ಯ. ನಗು ಬರಲೆಂದು ಅವನು ಹೆಸರುಗಳನ್ನು ತಪ್ಪು ಓದುವಂತೆ ಮಾಡಿದ್ದೆ. ಅತ್ತೆ ಕೇಳಿ, "ಹಾಗಲ್ಲ. ಅವನು ನನಗೆ ಗೊತ್ತಿದ್ದವರ ಹೆಸರು ಬಿಟ್ಟು ಓದುತ್ತಿದ್ದ" ಎಂದರು.

ನಿಮಗೆ ಹೇಗೆ ತಿಳಿಯಿತು ಎಂದೆ. ಹತ್ತನೆಯ ದಿನಕ್ಕೋ ಹದಿನಾಲ್ಕನೆಯ ದಿನಕ್ಕೋ ಯಾರಾದರೂ ಬಂದು ಇಂಥವರು ಹೋದರು ಎನ್ನುತ್ತಿದ್ದರಂತೆ. ಪೇಪರಿನಲ್ಲಿ ಬಂದೇ ಇತ್ತು ಎಂದೂ ಹೇಳುತ್ತಿದ್ದರಂತೆ. ಅವನಿಗೆ ಹೇಳಲಿಲ್ಲವೇ ಎಂದೆ. "ಏನೆಂದು ಹೇಳುವುದು? ಮರುದಿನ ಮತ್ತೆ ಓದಲಿಕ್ಕೆ ಬರುತ್ತಿದ್ದ" ಎಂದು ಜಪಸರ ಎತ್ತಿಕೊಂಡರು.

ದೃಶ್ಯವನ್ನು ಹಾಗೆಯೇ ಬರೆದಿದ್ದೇನೆ. ಖಜಾಂಚಿ ಬಾಯಿ ಓದಿ ಈ ಸಲ ಫೋನಿನ ಮಾತು ಎತ್ತಲಿಲ್ಲ. ಮುದುಕಿಯ ಪಾತ್ರ ತಾನೇ ಮಾಡುತ್ತೇನೆ ಎಂದರು. ಅವರಿಗೆ ನಲವತ್ತೆಂಟು ವರ್ಷ, ಕೂದಲಿಗೆ ಹಿಟ್ಟು ಹಚ್ಚಬೇಕು, ಮಳೆ ಬಂದರೆ ಏನಾಗುತ್ತದೋ.

ವಿದ್ಯಾಗಿರಿಯ ತಂಗಿ, ನಿಮ್ಮ ಚೌಕಟ್ಟು ಇನ್ನೂ ಇದೆಯೇ? ಪೆಂಡಾಲಿನ ರಂಗ ಹದಿನಾಲ್ಕು ಅಡಿ ಅಗಲ, ಎತ್ತರ ಎಂಟು. ಥರ್ಮಾಕೋಲಿನದು ಮಾಡಿಸಬಹುದು, ಆದರೆ ಅದಕ್ಕೆ ಎಡವಿದರೆ ಅದೇ ಬೀಳುತ್ತದೆ.

ಖಾನಾವಳಿ ಖಾತೆ, ಬೆಳಗಾವಿ

ತಾಲೀಮಿನ ದಿನಗಳಲ್ಲಿ ಎಷ್ಟು ಜನ ಇರುತ್ತೀರಿ ಎಂದು ತಿಳಿಸಿ. ರೊಟ್ಟಿ ಕಳಿಸುತ್ತೇನೆ. ಲೆಕ್ಕ ಆಮೇಲೆ ನೋಡೋಣ.

ವಿದ್ಯಾಗಿರಿ, ಬಾಗಲಕೋಟೆ

ಇದೆ ಅಕ್ಕಾ. ಆರೂಮುಕ್ಕಾಲು ಅಡಿ ಎತ್ತರ, ಎತ್ತಲು ನಾಲ್ವರು ಬೇಕು. ಅಪ್ಪನನ್ನು ಕೇಳಿದೆ. ಟೆಂಪೋ ಖರ್ಚು ನೀವು ಕೊಡುವುದಾದರೆ ಒಯ್ಯಲಿ ಎಂದರು. ಹೊರಗೆ ಹೋದವರು ಮತ್ತೆ ಒಳಗೆ ಬಂದು, "ನಾಲ್ಕೇ ದಿನ ಎಂದು ಹೇಳು" ಎಂದರು.